ಯಾತನೆ ಎಂಬ ಪದದ ಹಿಂದಿನ ಲೆಕ್ಕ

ಐದು ವರ್ಷಗಳ ಹಿಂದಿನ ಮಾತು. ನಮ್ಮ ಪುಣೆಯ ಮನೆಯ ಒಳಕೋಣೆಯಲ್ಲಿ ನನ್ನ ದೊಡ್ಡಮ್ಮ ಮಲಗಿದ್ದಳು. ಧಾರವಾಡದ ಕಡೆಯ ಹಳ್ಳಿಯಲ್ಲೇ ಬಾಳುವೆ ಮಾಡಿದವಳು, 76ನೆಯ ವಯಸ್ಸಿನಲ್ಲಿ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದಿದ್ದಳು. ಅಷ್ಟರಲ್ಲಿ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ಮಗ್ಗಲು ಬದಲಿಸಿದರೂ ಹಲ್ಲು ಕಚ್ಚಿ ಕಣ್ಣು ಮುಚ್ಚುವಳು. ನೋಡಲು ಊರಿನಿಂದ, ಮುಂಬೈಯಿಂದ ಬಂಧುಗಳು ಬರುತ್ತಿದ್ದರು. ಒಂದು ಭಾನುವಾರ ಬಂದವರೊಬ್ಬರು ಬಾಗಿಲಲ್ಲೇ ನಿಂತು, ಕಣ್ಣೊರೆಸಿಕೊಳ್ಳುತ್ತಲೇ, "ಏನ ಪಾಪ ಮಾಡಿದ್ಳೋ ಏನೋ, ನರಕಯಾತನೆ ಪಡಾಕತ್ತಾಳ" ಎಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ದೊಡ್ಡಮ್ಮನ ಮೇಲೆ ನಿಜವಾದ ಮಮತೆ ಇದ್ದವರೇ. ನಾನೂ ತಲೆಯಾಡಿಸಿದೆ. ಅದೇ ಸಂಜೆ ತಂಗಿಗೆ ಫೋನಿನಲ್ಲಿ, "ಆಕೆಯ ಯಾತನೆ ನೋಡೋದಕ್ಕೆ ಆಗೋದಿಲ್ಲ" ಎಂದು ನಾನೇ ಹೇಳಿದೆ. ಕೋಣೆಯ ಬಾಗಿಲು ತೆರೆದೇ ಇತ್ತು.

ಮರುದಿನದಿಂದ ದೊಡ್ಡಮ್ಮ ನೋವು ಕಡಿಮೆ ಆಗಿದೆ ಎನ್ನತೊಡಗಿದಳು. ನಾವು ನಂಬಿದೆವು, ನಂಬುವುದು ಸುಲಭವೂ ಆಗಿತ್ತು. ಒಂಬತ್ತು ಹತ್ತು ದಿನ ಕಳೆದ ಮೇಲೆ ಸೀರೆ ಬದಲಿಸುವಾಗ ಸೆರಗಿನ ಗಂಟಿನಲ್ಲಿ ಹನ್ನೊಂದು ಗುಳಿಗೆಗಳು ಸಿಕ್ಕವು. ನಾವು ಕೊಟ್ಟ ನೋವಿನ ಗುಳಿಗೆಗಳನ್ನು ನುಂಗಿದಂತೆ ಮಾಡಿ ಆಕೆ ಗಂಟು ಕಟ್ಟಿಟ್ಟಿದ್ದಳು. ಯಾಕೆ ಎಂದರೆ ಮೊದಲು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲೇ ತೀರಿಸಿ ಹೋಗ್ತೀನವಾ. ಬಾಕಿ ಇಡಬಾರದು."

ತೀರಿಸುವುದು, ಬಾಕಿ. ಅವು ಕಿರಾಣಿ ಅಂಗಡಿಯ ಮಾತುಗಳು, ಸಾಲದ ಮಾತುಗಳು. ನಾನು ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಂಸ್ಕೃತ ಕಲಿಸಿದವಳು. ಹೈಸ್ಕೂಲೂ ಮುಗಿಸದ ದೊಡ್ಡಮ್ಮ 'ಯಾತನೆ' ಎಂಬ ಪದದ ಧಾತುವಿನ ಅರ್ಥವನ್ನು ನನಗಿಂತ ಸರಿಯಾಗಿ ತಿಳಿದುಕೊಂಡಿದ್ದಳು ಎಂದು ಆ ರಾತ್ರಿ ಹೊಳೆದಾಗ ನಿದ್ದೆ ಬರಲಿಲ್ಲ. ಈ ವರ್ಷದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ನಮ್ಮ ಮಹಿಳಾ ವಿಭಾಗದವರು ಕೇಳಿದಾಗ ಇದನ್ನೇ ಬರೆಯಬೇಕು ಅನ್ನಿಸಿತು.

ಈಗ ಕನ್ನಡದಲ್ಲಿ ಯಾತನೆ ಎಂದರೆ ತಡೆಯಲಾರದ ನೋವು, ಅಷ್ಟೆ. ರಸ್ತೆಯಲ್ಲಿ ಗುಂಡಿ ಬಿದ್ದರೆ 'ಸವಾರರ ನರಕಯಾತನೆ' ಎಂದು ಪತ್ರಿಕೆಯ ತಲೆಬರಹ ಬರುತ್ತದೆ. ಆದರೆ ಪದ ಹುಟ್ಟಿದಾಗ ಅದರಲ್ಲಿ ನೋವೇ ಇರಲಿಲ್ಲ. ಸಂಸ್ಕೃತದ 'ಯತ್' ಧಾತುವಿಗೆ ತನ್ನ ಜಾಗದಲ್ಲಿ ನಿಲ್ಲುವುದು, ಹೊಂದಿಕೊಳ್ಳುವುದು, ಶ್ರಮಪಡುವುದು ಎಂಬ ಅರ್ಥಗಳಿವೆ. ನಾವು ದಿನಕ್ಕೆ ಹತ್ತು ಸಲ ಆಡುವ ಯತ್ನ, ಪ್ರಯತ್ನಗಳು ಅದರ ಮಕ್ಕಳೇ. ಅದರ ಪ್ರೇರಣಾರ್ಥಕ ರೂಪ 'ಯಾತಯತಿ'. ಋಗ್ವೇದದ ಮೂರನೆಯ ಮಂಡಲದಲ್ಲಿ ಮಿತ್ರದೇವತೆಯ ಸೂಕ್ತವೊಂದಿದೆ, 59ನೆಯದು. ಅಲ್ಲಿ ಮಿತ್ರನು ಜನರನ್ನು ಅವರವರ ಜಾಗದಲ್ಲಿ ನಿಲ್ಲಿಸಿ ಒಬ್ಬರೊಡನೊಬ್ಬರನ್ನು ಹೊಂದಿಸುತ್ತಾನೆ ಎಂದು ಹೇಳಲು ಬಳಸಿರುವುದು ಇದೇ ಕ್ರಿಯಾಪದ. ಒಪ್ಪಂದಗಳನ್ನು ಕಾಯುವ ದೇವರು ಮಿತ್ರ. ಅವನ ಬಾಯಲ್ಲಿ ಈ ಪದಕ್ಕೆ ಯಾವ ಕ್ರೌರ್ಯವೂ ಇಲ್ಲ. ಜನರನ್ನು ಸರಿಯಾಗಿ ನಿಲ್ಲಿಸುವುದು, ಇಬ್ಬರ ನಡುವಿನದನ್ನು ಸರಿದೂಗಿಸುವುದು, ಇಷ್ಟೇ.

ಸರಿದೂಗಿಸುವುದು ಎಂಬಲ್ಲಿಂದ ಪದ ನ್ಯಾಯದ ಕಟ್ಟೆಗೆ ಬಂತು. ಆಪಸ್ತಂಬ ಧರ್ಮಸೂತ್ರದ ಮೊದಲ ಪ್ರಶ್ನದಲ್ಲಿ ಕೊಲೆಗೆ ಏನು ಕೊಡಬೇಕು ಎಂಬ ವಿಧಿ ಇದೆ. ಕ್ಷತ್ರಿಯನನ್ನು ಕೊಂದವನು 1000 ಹಸು ಕೊಡಬೇಕು, ವೈಶ್ಯನನ್ನು ಕೊಂದರೆ 100, ಶೂದ್ರನನ್ನು ಕೊಂದರೆ 10. ಯಾಕೆ ಕೊಡಬೇಕು ಎಂಬುದಕ್ಕೆ ಅಲ್ಲಿ ಬಳಸಿದ ಪದ 'ವೈರಯಾತನ'. ಎಂದರೆ ಹಗೆಯನ್ನು ತೀರಿಸುವುದು, ಸತ್ತವನ ಕಡೆಯವರಿಗೂ ಕೊಂದವನಿಗೂ ನಡುವೆ ಉಳಿದ ಲೆಕ್ಕವನ್ನು ಚುಕ್ತಾ ಮಾಡುವುದು. ಇದರ ಜೊತೆಗೆ ಒಂದು ಹೋರಿಯನ್ನು ಹೆಚ್ಚಾಗಿ ಕೊಡಬೇಕು, ಅದು ಪ್ರಾಯಶ್ಚಿತ್ತಕ್ಕೆ. ಪಾಪದ ಲೆಕ್ಕ ಬೇರೆ, ಹಗೆಯ ಲೆಕ್ಕ ಬೇರೆ ಎಂಬುದು ಎಷ್ಟು ಸ್ಪಷ್ಟವಾಗಿದೆ ನೋಡಿ. 'ಯಾತನ' ಇರುವುದು ಹಗೆಯ ಪಾಲಿಗೆ, ಪಾಪದ ಪಾಲಿಗಲ್ಲ. ಬೌಧಾಯನ ಧರ್ಮಸೂತ್ರದಲ್ಲೂ ಹೀಗೇ ಇದೆ, ಅಲ್ಲಿ ಹಸುಗಳನ್ನು ರಾಜನಿಗೆ ಕೊಡಬೇಕು, ಪದ ಮಾತ್ರ 'ವೈರನಿರ್ಯಾತನ' ಎಂದು ತುಸು ಉದ್ದವಾಗಿದೆ. ಸಾವಿರ, ನೂರು, ಹತ್ತು ಎಂಬ ಈ ದರಪಟ್ಟಿಯನ್ನು ನಾನು ತರಗತಿಯಲ್ಲಿ ಓದಿಸುವಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಮೌನ ಬರುತ್ತಿತ್ತು. ಆ ಮೌನಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆಪಸ್ತಂಬ ಮುಂದಿನ ಸೂತ್ರದಲ್ಲೇ, ಆಯಾ ವರ್ಣದ ಹೆಂಗಸರನ್ನು ಕೊಂದರೂ ಇದೇ ವಿಧಿ ಎನ್ನುತ್ತಾನೆ. ದರ ಇಳಿಸಲಿಲ್ಲವಲ್ಲ ಎಂದು ಸಮಾಧಾನಪಡಬೇಕೋ, ಕೊಲೆಯಾದ ಹೆಣ್ಣು ಮಕ್ಕಳಿಗೆ ದರಪಟ್ಟಿ ಬರೆಯುವ ಅಗತ್ಯ ಬಿದ್ದಿತ್ತಲ್ಲ ಎಂದು ಚಿಂತಿಸಬೇಕೋ, ನಿಮಗೇ ಬಿಟ್ಟಿದ್ದು.

ಹೀಗೆ ಮೊದಲು ಯಾತನೆಯನ್ನು ಕೊಡುತ್ತಿದ್ದವನು ತಪ್ಪು ಮಾಡಿದವನು, ಕೊಡುತ್ತಿದ್ದುದು ಹಸುಗಳನ್ನು. ಹಸುವಿನ ಬದಲು ಮೈಯನ್ನೇ ಕೊಡಬೇಕಾಗಿ ಬಂದದ್ದು ಯಮಲೋಕದಲ್ಲಿ. ಮನುಸ್ಮೃತಿಯ 12ನೆಯ ಅಧ್ಯಾಯ ಹೇಳುವಂತೆ ಪಾಪಿಗಳು ಸತ್ತ ಮೇಲೆ ಅವರಿಗೆ ಯಾತನೆಗಾಗಿಯೇ ಬೇರೊಂದು ಶರೀರ ಹುಟ್ಟುತ್ತದೆ. ಯಮನ ಯಾತನೆಗಳನ್ನು ಆ ಶರೀರದಲ್ಲಿ ಅನುಭವಿಸಿ ಮುಗಿಸಿದ ಮೇಲೆ ಅದು ಪಂಚಭೂತಗಳಲ್ಲಿ ಕರಗುತ್ತದೆ. ಪುರಾಣಗಳು ಇದನ್ನು ಬೆಳೆಸಿದವು. ಭಾಗವತದ ಐದನೆಯ ಸ್ಕಂಧದ ಕೊನೆಯ ಅಧ್ಯಾಯದಲ್ಲಿ 28 ನರಕಗಳ ಪಟ್ಟಿಯಿದೆ, ಯಾವ ತಪ್ಪಿಗೆ ಯಾವುದು ಎಂಬ ವಿವರದೊಡನೆ. ಸಾವಿನ ಮನೆಯಲ್ಲಿ ಗರುಡಪುರಾಣ ಓದಿಸುವ ಪದ್ಧತಿ ಇರುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಕಾದ ಎಣ್ಣೆ, ಕತ್ತಿಯಲಗಿನ ಎಲೆಗಳ ಕಾಡು, ವೈತರಣಿ. ನನ್ನ ಬಾಲ್ಯದಲ್ಲಿ ಆ ಹತ್ತು ದಿನ ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು, ಆದರೂ ನಾವು ಗೋಡೆಗೆ ಕಿವಿಗೊಟ್ಟು ಕೇಳುತ್ತಿದ್ದೆವು.

ಈ ಪದಕ್ಕೆ ಅಂಟಿಕೊಂಡ ನರಕ ಮತ್ತೆ ಬಿಡಲಿಲ್ಲ. ಅಮರಕೋಶ ನಿಮಗೆ ಗೊತ್ತು. ಪದಗಳನ್ನು ವರ್ಗವರ್ಗವಾಗಿ ಜೋಡಿಸಿದ ನಿಘಂಟು ಅದು. ಸ್ವರ್ಗದ್ದು ಸ್ವರ್ಗಕ್ಕೆ, ನೀರಿನದು ನೀರಿಗೆ. ಯಾತನೆ ಎಂಬ ಪದ ಅಲ್ಲಿ ಸಿಗುವುದು ಮೊದಲ ಕಾಂಡದ ನರಕವರ್ಗದಲ್ಲಿ. ಕಾರಣಾ, ಯಾತನಾ, ತೀವ್ರವೇದನಾ, ಈ ಮೂರೂ ಒಂದೇ ಎಂದು ಅಮರಸಿಂಹ ಹೇಳುತ್ತಾನೆ. ಅಲ್ಲಿಗೆ ತೀರುವೆ ಎಂಬ ಅರ್ಥ ಹೋಗಿ ತೀವ್ರ ನೋವು ಎಂಬ ಅರ್ಥ ನಿಂತಿತು. ಆದರೆ ಅದೇ ಧಾತುವಿನ 'ನಿರ್ಯಾತನ'ಕ್ಕೆ ಹಗೆ ತೀರಿಸುವುದು, ದಾನ, ನಂಬಿಕೆಯಿಂದ ಇಟ್ಟ ಒಡವೆಯನ್ನು ಮರಳಿ ಒಪ್ಪಿಸುವುದು ಎಂಬ ಅರ್ಥಗಳನ್ನು ಬೇರೆ ಕಡೆ ಕೊಡುತ್ತಾನೆ. ಅಂದರೆ ಲೆಕ್ಕ ಚುಕ್ತಾ ಮಾಡುವ ಅರ್ಥ ಅವನಿಗೂ ಗೊತ್ತಿತ್ತು.

ಆ ನರಕವರ್ಗದಲ್ಲೇ ನನ್ನ ಕಣ್ಣು ಸಿಕ್ಕಿಕೊಂಡ ಇನ್ನೊಂದು ಪದ ಇದೆ. ಯಾತನೆಯ ಬೆನ್ನಿಗೇ ಪೀಡಾ, ಬಾಧಾ, ವ್ಯಥಾ, ದುಃಖ ಎಂದು ಪರ್ಯಾಯಪದಗಳು ಸಾಲಾಗಿ ಬರುತ್ತವೆ. ಆ ಸಾಲಿನಲ್ಲಿ 'ಪ್ರಸೂತಿಜ' ಎಂಬುದೊಂದು. ಹೆರಿಗೆಯಿಂದ ಹುಟ್ಟಿದ್ದು ಎಂದು ಅಕ್ಷರಾರ್ಥ. ದುಃಖಕ್ಕೆ ಅದೂ ಒಂದು ಹೆಸರು. ಎಷ್ಟೋ ವರ್ಷ ಈ ವರ್ಗವನ್ನು ಬಾಯಿಪಾಠ ಒಪ್ಪಿಸಿದ್ದೇನೆ, ಒಪ್ಪಿಸಿಕೊಂಡಿದ್ದೇನೆ. ಎರಡು ಮಕ್ಕಳನ್ನು ಹೆತ್ತ ಮೇಲೂ ಈ ಪದ ನರಕದ ಅಧ್ಯಾಯದಲ್ಲಿ ಯಾಕಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇದೆಲ್ಲ ನಮ್ಮ ದೇಶದ ಕರ್ಮಸಿದ್ಧಾಂತದ ಕಥೆ ಎಂದುಕೊಳ್ಳಬೇಡಿ. ಮಕ್ಕಳು ಬಿದ್ದು ಮಂಡಿ ಕೆತ್ತಿಸಿಕೊಂಡರೂ ಈಗ 'ಪೇನ್ ಆಗ್ತಿದೆ' ಎನ್ನುತ್ತಾರಲ್ಲ, ಆ ಪೇನ್ ಎಂಬ ಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಪೊಯಿನಾ'ದಿಂದ ಇಂಗ್ಲಿಷಿಗೆ ಬಂದದ್ದು. ಪೊಯಿನಾ ಎಂದರೆ ದಂಡ, ಶಿಕ್ಷೆ. ಪೆನಾಲ್ಟಿ, ಪನಿಶ್‌ಮೆಂಟ್ ಎಲ್ಲ ಅದೇ ಕುಲ. ಲ್ಯಾಟಿನ್ನಿನವರು ಅದನ್ನು ಪಡೆದದ್ದು ಗ್ರೀಕರ 'ಪೊಯಿನೆ'ಯಿಂದ. ಗ್ರೀಕರಲ್ಲಿ ಅದಕ್ಕೆ ಏನರ್ಥ ಗೊತ್ತೇ? ಕೊಲೆಯಾದವನ ಕಡೆಯವರಿಗೆ ಕೊಂದವನು ಕೊಡುವ ರಕ್ತದ ಬೆಲೆ. ಹೋಮರನ ಇಲಿಯಡ್ ಕಾವ್ಯದ 18ನೆಯ ಭಾಗದಲ್ಲಿ ಅಕಿಲೀಸನ ಗುರಾಣಿಯ ವರ್ಣನೆ ಬರುತ್ತದೆ. ಅದರ ಮೇಲೆ ಕೆತ್ತಿದ ಪೇಟೆಯ ಚಿತ್ರದಲ್ಲಿ ಇಬ್ಬರು ಗಂಡಸರು ಹಿರಿಯರ ಮುಂದೆ ಜಗಳವಾಡುತ್ತಿದ್ದಾರೆ, ಸತ್ತವನೊಬ್ಬನ ಪೊಯಿನೆಯ ವಿಷಯಕ್ಕೆ. ಆಪಸ್ತಂಬನ ಹಸುಗಳೂ ಇಲಿಯಡ್ಡಿನ ಆ ಜಗಳವೂ ಒಂದೇ ವಿಷಯ. ಎರಡು ಪದಗಳ ಧಾತು ಬೇರೆ ಬೇರೆ, ನಾಡು ಬೇರೆ ಬೇರೆ. ಆದರೂ ಎರಡೂ ರಕ್ತದ ಬೆಲೆಯಿಂದ ಹೊರಟು, ಶಿಕ್ಷೆಯ ಬಾಗಿಲು ದಾಟಿ, ಮೈಯ ನೋವಿಗೆ ಬಂದು ನಿಂತವು. ಇದನ್ನು ಮೊದಲು ಗಮನಿಸಿದಾಗ ನನಗೆ ಮೈ ಜುಂ ಎಂದಿತ್ತು. ನೋವು ಬಂದರೆ ಅದು ಯಾವುದೋ ಸಾಲದ ವಸೂಲಿ ಎಂದು ಮನುಷ್ಯ ಎಲ್ಲಿದ್ದರೂ ಯೋಚಿಸುತ್ತಾನೆ ಎಂದಾಯಿತು.

ಈ ಯೋಚನೆಯ ಬಿಸಿ ಹೆಚ್ಚು ತಟ್ಟಿದ್ದು ಹೆರುವವರಿಗೆ. ಬೈಬಲ್ಲಿನ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಹವ್ವಳಿಗೆ ಸಿಕ್ಕ ಶಿಕ್ಷೆ ಹೆರಿಗೆಯ ಕಷ್ಟವೇ. 1847ರ ನವೆಂಬರಿನಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದಾಗ, ದೇವರು ಕೊಟ್ಟ ಶಿಕ್ಷೆಯನ್ನು ತಪ್ಪಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಆ ವಿರೋಧ ನಾವು ಶಾಲೆಯ ಪುಸ್ತಕಗಳಲ್ಲಿ ಓದಿದಷ್ಟು ದೊಡ್ಡದಿರಲಿಲ್ಲ ಎಂದು ಈಚಿನ ಇತಿಹಾಸಕಾರರು ಹೇಳುತ್ತಾರೆ. ಆದರೆ ಸಿಂಪ್ಸನ್ ಅದೇ ವರ್ಷದ ಕೊನೆಯಲ್ಲಿ ಧಾರ್ಮಿಕ ಆಕ್ಷೇಪಗಳಿಗೆ ಉತ್ತರವಾಗಿ ಒಂದು ಕಿರುಪುಸ್ತಕವನ್ನೇ ಅಚ್ಚು ಹಾಕಿಸಿದ್ದು ನಿಜ. ಅದರಲ್ಲಿ ಆ ವೈದ್ಯ ಮಾಡಿದ್ದು ವ್ಯಾಕರಣ! ಹೀಬ್ರೂ ಮೂಲದಲ್ಲಿರುವ ಪದಕ್ಕೆ ನೋವು ಎಂಬುದಕ್ಕಿಂತ ಶ್ರಮ, ದುಡಿಮೆ ಎಂಬ ಅರ್ಥವೇ ಸರಿ ಎಂದು ಆತ ವಾದಿಸಿದ. ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರೇ ಅವನಿಗೆ ಗಾಢನಿದ್ರೆ ಬರಿಸಿದ್ದನಲ್ಲ ಎಂದೂ ನೆನಪಿಸಿದ. ಒಂದು ಪದದ ಅರ್ಥವನ್ನು ಸರಿಸಿ ಹೆಂಗಸರ ನೋವಿಗೆ ಔಷಧಿಯ ದಾರಿ ಮಾಡಿಕೊಟ್ಟವನು ಎಂದು ನನಗೆ ಆತನ ಮೇಲೆ ಪ್ರೀತಿ. 1853ರ ಏಪ್ರಿಲಿನಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೊಪೋಲ್ಡನನ್ನು ಹೆರುವಾಗ ಡಾಕ್ಟರ್ ಜಾನ್ ಸ್ನೋ ಕ್ಲೋರೋಫಾರ್ಮ್ ಕೊಟ್ಟರು. ರಾಣಿಯೇ ತೆಗೆದುಕೊಂಡ ಮೇಲೆ ಮಿಕ್ಕವರ ಬಾಯಿ ಸಹಜವಾಗಿ ಸಣ್ಣದಾಯಿತು.

ನಮ್ಮ ಮನೆಗೆ ಮರಳುತ್ತೇನೆ. ಗುಳಿಗೆ ಸಿಕ್ಕ ವಾರ, ಇಂಥ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವ ತಂಡದಿಂದ ಒಬ್ಬ ಸಿಸ್ಟರ್ ಬರತೊಡಗಿದಳು, ಮರಾಠಿ ಹುಡುಗಿ. ದೊಡ್ಡಮ್ಮನಿಗೆ ಮರಾಠಿ ಬಾರದು, ಅವಳಿಗೆ ಕನ್ನಡ ಬಾರದು, ನಡುವೆ ನಾನು. "ಎಲ್ಲಿ ನೋವು ಕೇಳಿ" ಎಂದಳು. ದೊಡ್ಡಮ್ಮ, "ಸೊಂಟದಾಗ ಬ್ಯಾನಿ" ಎಂದಳು. ನಾನು ಯಾವುದೋ ಗಡಿಬಿಡಿಯಲ್ಲಿ, ಬ್ಯಾನಿಯನ್ನು 'ವೇಣಾ' ಎಂದೇ ಮರಾಠಿಗೆ ತಂದೆ. ಸಿಸ್ಟರ್ ಕಣ್ಣರಳಿಸಿ ನನ್ನನ್ನೇ ನೋಡಿದಳು, ಆಮೇಲೆ ತಡೆಯಲಾರದೆ ನಕ್ಕಳು. ಮರಾಠಿಯಲ್ಲಿ ವೇಣಾ ಎಂದರೆ ಹೆರಿಗೆ ನೋವು. 76ರ ಅಜ್ಜಿಗೆ ಹೆರಿಗೆ ನೋವೇ? ಅರ್ಥ ಬಿಡಿಸಿ ಹೇಳಿದಾಗ ದೊಡ್ಡಮ್ಮನೂ ನಕ್ಕಳು. ಎಷ್ಟೋ ದಿನದ ಮೇಲೆ.

ನನ್ನ ತಪ್ಪು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಕನ್ನಡದ ಬೇನೆಯೂ ಮರಾಠಿಯ ವೇಣಾ ಕೂಡ ಅಕ್ಕತಂಗಿಯರೇ. ಸಂಸ್ಕೃತದ ವೇದನಾ ಪ್ರಾಕೃತದಲ್ಲಿ ವೇಯಣಾ ಆಗಿ, ಅಲ್ಲಿಂದ ಮರಾಠಿಗೆ ಒಂದು ದಾರಿ, ಕನ್ನಡಕ್ಕೆ ಒಂದು ದಾರಿ ಹಿಡಿಯಿತು. ವಕಾರ ಬಕಾರವಾಗಿ ನಮ್ಮಲ್ಲಿ ಬೇನೆಯಾಯಿತು, ಉತ್ತರ ಕರ್ನಾಟಕದ ಬಾಯಲ್ಲಿ ಬ್ಯಾನಿ. ಹೊಟ್ಟಿಬ್ಯಾನಿ, ತಲಿಬ್ಯಾನಿ, ಹೆರಿಗೆ ಬೇನೆ. ನಮ್ಮ ಕಡೆ ಹೆಂಗಸು ಬ್ಯಾನಿ ತಿನ್ನುತ್ತಾಳೆ ಎಂದೇ ಹೇಳುವುದು. ಹೆರಿಗೆಯ ನೋವು ಎಂಬ ಅರ್ಥದಲ್ಲಿ ಬೇನೆ ಎಂಬ ಪದ 12ನೆಯ ಶತಮಾನದ ಅಕ್ಕಮಹಾದೇವಿಯ ಒಂದು ಪ್ರಸಿದ್ಧ ವಚನದಲ್ಲೇ ಇದೆ. ಪಡೆಯದವರಿಗೆ ಅದು ತಿಳಿಯದು ಎಂಬ ಅರ್ಥದ ವಚನ. ಬಂಜೆಯ ಹೋಲಿಕೆಯನ್ನು ಇಂದು ಓದುವಾಗ ಕೊಂಚ ಚುಚ್ಚುತ್ತದೆ, ಅದು ಬೇರೆ ಮಾತು. ಅಲ್ಲಿ ಬೇನೆಯ ಪಕ್ಕದಲ್ಲಿ ಅಕ್ಕ ಇಟ್ಟಿರುವುದು ಅರಿವಿನ ಕ್ರಿಯಾಪದವನ್ನು. ಪಾಪವಿಲ್ಲ, ಶಿಕ್ಷೆಯಿಲ್ಲ. ಪ್ರಶ್ನೆ ಒಂದೇ, ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ.

ಅಕ್ಕನಿಗೆ ವ್ಯುತ್ಪತ್ತಿ ಹೇಳುವ ಉದ್ದೇಶ ಇರಲಿಕ್ಕಿಲ್ಲ. ಆದರೆ ವೇದನೆಯ ಧಾತು 'ವಿದ್', ತಿಳಿಯುವುದು. ವೇದ, ವಿದ್ಯೆ, ಸಂವೇದನೆ, ನಿವೇದನೆ ಎಲ್ಲ ಅದೇ ಮನೆಯವು. ವೇದನೆ ಎಂದರೆ ಮೊದಲು ಮೈಗೋ ಮನಸ್ಸಿಗೋ ಏನಾದರೂ ತಿಳಿದುಬರುವುದು, ಅಷ್ಟೆ. ಬೌದ್ಧರಲ್ಲಿ ಈ ಅರ್ಥ ಕೆಡದೆ ಉಳಿಯಿತು. ಅವರ ಐದು ಸ್ಕಂಧಗಳಲ್ಲಿ ವೇದನೆ ಒಂದು, ಅದರಲ್ಲಿ ಸುಖವೇದನೆಯೂ ಉಂಟು, ದುಃಖವೇದನೆಯೂ ಉಂಟು, ಎರಡೂ ಅಲ್ಲದ್ದೂ ಉಂಟು. ಸುಖವೇದನೆ ಎಂಬ ಮಾತು ಇಂದಿನ ಕನ್ನಡ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ, ನಮ್ಮಲ್ಲಿ ವೇದನೆ ನೋವಿನ ಕಡೆಗೇ ವಾಲಿಬಿಟ್ಟಿದೆ.

ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ವೇದನೆಗೇ ಮೀಸಲಾದ ಒಂದು ಭಾಗ ಇದೆ, ವೇದನಾ ಸಂಯುತ್ತ. ಅದರಲ್ಲಿ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬರುತ್ತಾನೆ. ಮನುಷ್ಯ ಅನುಭವಿಸುವ ಸುಖವೋ ದುಃಖವೋ ಎಲ್ಲವೂ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಒಪ್ಪುವುದಿಲ್ಲ. ಕೆಲವು ವೇದನೆಗಳು ಪಿತ್ತದಿಂದ ಬರುತ್ತವೆ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಮೂರೂ ಕೂಡಿದ ಸನ್ನಿಪಾತದಿಂದ. ಋತು ಬದಲಾದರೆ ಬರುತ್ತವೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಬರುತ್ತವೆ, ಇನ್ನೊಬ್ಬರು ಹೊಡೆದರೆ ಬರುತ್ತವೆ. ಕರ್ಮದ ಫಲ ಎಂಬುದು ಆ ಪಟ್ಟಿಯಲ್ಲಿ ಎಂಟನೆಯದು, ಕೊನೆಯದು. ಎಲ್ಲವೂ ಕರ್ಮವೇ ಎನ್ನುವವರು ತಾವೇ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂದು ಬುದ್ಧ ಮುಗಿಸುತ್ತಾನೆ. ಆಯುರ್ವೇದದ ಚರಕನೂ ಪೂರ್ವಕರ್ಮವನ್ನು ಪೂರ್ತಿ ಬಿಟ್ಟುಕೊಟ್ಟವನಲ್ಲ, ಆದರೆ ಅವನ ಸಂಹಿತೆಯ ಬಹುಪಾಲು ಪಿತ್ತ, ಕಫ, ವಾತಗಳ ಕೆಲಸವೇ. ವೈದ್ಯ ಯಾತನೆಗೆ ಔಷಧಿ ಕೊಡಲಾರ, ವೇದನೆಗೆ ಕೊಡಬಲ್ಲ.

ಇನ್ನುಳಿದ ಪದಗಳಲ್ಲಿ 'ನೋವು' ನಮ್ಮದೇ ದ್ರಾವಿಡ ಮಾತು. ತಮಿಳು, ಮಲಯಾಳಂಗಳಲ್ಲಿ ನೋವು, ತೆಲುಗಿನಲ್ಲಿ ನೊಪ್ಪಿ. ಅದಕ್ಕೆ ಯಾರ ಮೇಲೂ ದೂರಿಲ್ಲ. 'ಸಂಕಟ' ಎಂದರೆ ಇಕ್ಕಟ್ಟಾದ ದಾರಿ. ಇಂಗ್ಲಿಷಿನ ಆಂಗ್ವಿಶ್ ಕೂಡ ಇಕ್ಕಟ್ಟು ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. 'ಚಿತ್ರಹಿಂಸೆ'ಯ ಚಿತ್ರಕ್ಕೆ ಬಣ್ಣದ ಚಿತ್ರ ಕಾರಣವಲ್ಲ, ಚಿತ್ರ ಎಂದರೆ ಬಗೆಬಗೆಯ. ಕೌಟಿಲ್ಯನ ಅರ್ಥಶಾಸ್ತ್ರ ಮರಣದಂಡನೆಯನ್ನು ಶುದ್ಧ, ಚಿತ್ರ ಎಂದು ಎರಡಾಗಿ ಮಾಡುತ್ತದೆ, ನರಳಿಸದೆ ಕೊಲ್ಲುವುದು ಶುದ್ಧ, ಬಗೆಬಗೆಯಾಗಿ ನರಳಿಸಿ ಕೊಲ್ಲುವುದು ಚಿತ್ರ. ಅದನ್ನು ಇಲ್ಲಿಗೇ ಬಿಡೋಣ.

ಯಾತನೆಯ ಬಗ್ಗೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಎಲ್ಲ ಕಡೆಯೂ ಈ ಪದ ನೋಯುವವರನ್ನೇ ದೂರುವುದಿಲ್ಲ. ಬಂಗಾಳಿಯಲ್ಲಿ ಅದೇ ಧಾತುವಿನ 'ನಿರ್ಜಾತನ್' ಇದೆ. ಹಗೆ ತೀರಿಸುವುದು ಎಂಬ ಅರ್ಥದಿಂದ ಹೊರಟ ನಿರ್ಯಾತನವೇ ಅದು. ಅಲ್ಲಿ ಅದಕ್ಕೆ ದೌರ್ಜನ್ಯ ಎಂದರ್ಥ. ಬಾಂಗ್ಲಾದೇಶದಲ್ಲಿ ಹೆಂಗಸರ ಮತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು 2000ರಲ್ಲಿ ಆದ ಕಾನೂನಿನ ಹೆಸರಿನಲ್ಲೇ ಈ ಪದವಿದೆ. ಹಿಟ್ಲರನ ಕಾಲದ ಶಿಬಿರಗಳನ್ನು ಹಿಂದಿಯಲ್ಲಿ ಯಾತನಾ ಶಿವಿರ ಎನ್ನುತ್ತಾರೆ. ಅಲ್ಲಿ ನರಳಿದವರು ಏನು ಪಾಪ ಮಾಡಿದ್ದರು ಎಂದು ಯಾರೂ ಕೇಳುವುದಿಲ್ಲ, ನರಳಿಸಿದವರ ಪಾಪವನ್ನೇ ಕೇಳುತ್ತಾರೆ. ಅಂದರೆ ಪದದಲ್ಲಿ ವಿಷವೇ ತುಂಬಿದೆ ಎಂದಲ್ಲ. ಕಾಯಿಲೆಯ ಹಾಸಿಗೆಯ ಪಕ್ಕದಲ್ಲಿ, ಹೊಡೆದವರು ಯಾರೂ ಇಲ್ಲದ ಕಡೆ, ಅದನ್ನು ಬಳಸಿದಾಗ ಹಳೆಯ ಲೆಕ್ಕದ ಪುಸ್ತಕ ತನ್ನಷ್ಟಕ್ಕೇ ತೆರೆದುಕೊಳ್ಳುತ್ತದೆ. ಆಗ ಸಾಲಗಾರಳು ಮಲಗಿದವಳೇ.

ಸಾಲ ಎಂದುಕೊಂಡವರು ಔಷಧಿ ಕೇಳುವುದಿಲ್ಲ. ನಮ್ಮ ದೇಶದಲ್ಲಿ ಕೇಳಿದರೂ ಬಹಳ ಕಾಲ ಸಿಗುತ್ತಿರಲಿಲ್ಲ. ಮಾದಕವಸ್ತುಗಳ ಮೇಲಿನ 1985ರ ಕಾನೂನು ಬಂದ ಮೇಲೆ ಮಾರ್ಫೀನ್ ಇಡಲು ಬೇಕಾದ ಪರವಾನಗಿಗಳ ಗೋಜಲಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಹೊರದೇಶಗಳ ಔಷಧಿಗೆ ಕಳಿಸುವ ನಾಡಿನಲ್ಲಿ ಇಲ್ಲಿನ ರೋಗಿಗೇ ಮಾರ್ಫೀನ್ ಇಲ್ಲ. 2014ರ ತಿದ್ದುಪಡಿಯಿಂದ ಆ ಗೋಜಲು ಕಾನೂನಿನ ಮಟ್ಟಿಗೆ ಸಡಿಲವಾಯಿತು. ಇಂಥ ರೋಗಿಗಳಿಗೆಂದೇ ದೇಶದ ಮೊದಲ ಆಶ್ರಯಮನೆ 1986ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಆರಂಭವಾಯಿತು. ಬಾಂದ್ರಾದ ನಮ್ಮ ಸದಸ್ಯೆಯರು ಅದರ ಮುಂದೆ ಹಾದುಹೋಗಿರುತ್ತೀರಿ. ಶಾಂತಿ ಅವೇದನಾ ಸದನ. ಹೆಸರಿಟ್ಟವರು ಆರಿಸಿಕೊಂಡದ್ದು ವೇದನೆಯನ್ನು, ಯಾತನೆಯನ್ನಲ್ಲ. ವೇದನೆ ಇಲ್ಲದಿರುವುದು ಅವೇದನೆ. ಆ ಹೆಸರನ್ನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಓದಿದ್ದ ನನಗೆ ಅದರ ಅರ್ಥ ಪೂರ್ತಿ ಆದದ್ದು ದೊಡ್ಡಮ್ಮನ ಹಾಸಿಗೆಯ ಪಕ್ಕದಲ್ಲೇ.

ದೊಡ್ಡಮ್ಮನಿಗೆ ನಾನು ಆಪಸ್ತಂಬನನ್ನೂ ಹೇಳಲಿಲ್ಲ, ಅಮರಸಿಂಹನನ್ನೂ ಹೇಳಲಿಲ್ಲ. ಸೀವಕನ ಕಥೆಯನ್ನು ಮಾತ್ರ ಹೇಳಿದೆ, ನಮ್ಮ ಭಾಷೆಯಲ್ಲಿ, ಎರಡು ಮೂರು ರಾತ್ರಿ ಬಿಡಿಸಿ ಬಿಡಿಸಿ. ಪಿತ್ತ, ವಾತ ಎಂದರೆ ಆಕೆಗೆ ಹೊಸದಲ್ಲ, ಬಾಣಂತಿಗೆ ಕಷಾಯ ಕಾಸಿ ಬೆಳೆದ ಕೈ. "ಬುದ್ಧ ಹಂಗಂದಾನ?" ಎಂದು ಕೇಳಿದಳು. ಹೌದು ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಅಂವ ಎಷ್ಟ ಹೇಳಿದಾ?" ಎಂದಳು. ಎಂಟು, ಕರ್ಮ ಎಂಟನೆಯದು ಎಂದೆ. "ಹಂಗಾರ ಏಳ ಮೊದ್ಲ ನೋಡ್ಬೇಕಲ್ಲ" ಎಂದು ಮಗ್ಗಲಾದಳು. ಪೂರ್ತಿ ಒಪ್ಪಿದಳು ಎಂದು ನಾನು ಹೇಳಲಾರೆ. ಸಾಯುವ ದಿನದವರೆಗೂ ಆಕೆ ಜಪ ಬಿಡಲಿಲ್ಲ, ಜಪದ ಕೊನೆಗೆ ಕ್ಷಮಿಸು ಎನ್ನುವುದನ್ನೂ ಬಿಡಲಿಲ್ಲ.

ಮಾರ್ಫೀನ್ ಶುರು ಮಾಡಿದ ದಿನ ಸಿಸ್ಟರ್ ಒಂದು ಪದ್ಧತಿ ಕಲಿಸಿಕೊಟ್ಟಳು. ಸೊನ್ನೆ ಎಂದರೆ ಏನೂ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು. ದಿನಕ್ಕೆ ನಾಲ್ಕು ಸಲ ಕೇಳಿ ಬರೆಯಬೇಕು. ನಾನು ಹಳೆಯ ಶಾಲೆಯ ನೋಟುಬುಕ್ಕಿನಲ್ಲಿ ಅಂಕಣ ಎಳೆದು ಮೇಲೆ 'ಬೇನೆ' ಎಂದು ಬರೆದೆ. ಮೊದಲ ದಿನ ಒಂಬತ್ತು, ಎಂಟು, ಎಂಟು, ಏಳು. ನಾಲ್ಕನೆಯ ದಿನ ಸಿಸ್ಟರ್ ತಾನೇ ಕನ್ನಡ ಕಲಿತು ಬಂದಿದ್ದಳು.

"ಅಜ್ಜಿ, ಬ್ಯಾನಿ ಎಷ್ಟ?"

"ಮೂರ," ಎಂದಳು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಖರೇನ ಹೇಳಾಕತ್ತೀನಿ, ಸೆರಗ ಬೇಕಾರ ನೋಡ" ಎಂದಳು.